ನಾಲಿಗೆಯ ಸಾಕ್ಷಿ

"ಕಿಟಕಿ ಹತ್ತಿರ ಕೂತಿರೋದು ನಿಮಗೆ ಏನಾಗಬೇಕು?"

"ಮಗ," ಎಂದಳು ಬಟ್ಟೆ ಹೊಲಿಯುವ ಹೆಂಗಸು. "ಅವನು ನನ್ನ ಮಗ, ಸಾರ್."

'ಅವನು' ಎಂಬುದನ್ನು ಆಕೆ ಒತ್ತಿ ಹೇಳಿದಳು. ಯಾರೋ ಬಾಯಿಪಾಠ ಮಾಡಿಸಿದ್ದಾರೆ ಎಂದುಕೊಂಡ ತಪಾಸಣಾಧಿಕಾರಿ.

ಕಿಟಕಿಯ ಬಳಿ ಕಬ್ಬಿಣದ ಮೈ ಕೂತಿತ್ತು. ಮೊಣಕೈ ಕೀಲಿಗೆ ಆಗತಾನೆ ಎಣ್ಣೆ ಬಿಟ್ಟಿದ್ದರು. ಹೆಗಲಿಗೆ ಹೂವಿನ ಬಟ್ಟೆಯ ಗವಸು ಹೊಲಿದು ತೊಡಿಸಿದ್ದರು. ಮೂಲೆಯಲ್ಲಿದ್ದ ಹೊಲಿಗೆ ಯಂತ್ರಕ್ಕೂ ಅದೇ ಬಟ್ಟೆಯ ಗವಸು. ಅಧಿಕಾರಿ ಇದನ್ನು ಗಮನಿಸದೆ ಬಿಡಲಿಲ್ಲ.

ಕಾರ್ಖಾನೆಯಲ್ಲಿ ಮಗನ ಮೈ ನಜ್ಜುಗುಜ್ಜಾಯಿತು, ಮನಸ್ಸನ್ನು ಈ ಮೈಗೆ ಇಳಿಸಿದರು. ಇದು ಕಾಗದದ ಮೇಲಿನ ಮಾತು. ಆದರೆ ಹತ್ತರಲ್ಲಿ ಮೂರು ಸಲ ಮನಸ್ಸು ಇಳಿಯುವುದೇ ಇಲ್ಲ. ನೆನಪುಗಳನ್ನು ಗಿಳಿಯಂತೆ ಒಪ್ಪಿಸುವ ಬರೀ ಯಂತ್ರ ಉಳಿಯುತ್ತದೆ. ಅಂಥದ್ದನ್ನು ಬಿಚ್ಚಿ ಕರಗಿಸಬೇಕೆಂಬುದು ನಿಯಮ. ಲಾರಿ ಹೊರಗೇ ನಿಂತಿತ್ತು.

ಅಧಿಕಾರಿಯ ಪರೀಕ್ಷೆ ಇಲಾಖೆಯದ್ದಲ್ಲ, ಸಿನಿಮಾದ್ದು. ತಗಡಿನ ಮೈ, ಬಲ್ಬಿನ ಕಣ್ಣಿನ ಹಳೆಯ ಕಪ್ಪು-ಬಿಳುಪು ಚಿತ್ರಗಳೆಂದರೆ ಅವನಿಗೆ ಪಂಚಪ್ರಾಣ. ಅವುಗಳಲ್ಲೆಲ್ಲ ಒಂದು ದೃಶ್ಯ ಇದ್ದೇ ಇರುತ್ತಿತ್ತು: ತಗಡಿನೊಳಗೆ ಗಂಡನಿದ್ದಾನೆಂದು ನಂಬಿದ್ದ ಹೆಂಡತಿ ಗಾಬರಿಯಲ್ಲಿ 'ಅದು!' ಎಂದು ಕಿರುಚುತ್ತಾಳೆ. ಬುದ್ಧಿ ಮೋಸ ಹೋದೀತು, ನಾಲಿಗೆ ಹೋಗುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಈ ಪರೀಕ್ಷೆ ಒಮ್ಮೆಯೂ ತಪ್ಪಿಲ್ಲವೆಂದು ಅವನ ಜಂಬ. ತಪ್ಪಿದೆ ಎನ್ನಲು ಯಾರೂ ವಾಪಸು ಬಂದಿರಲಿಲ್ಲ, ಅಷ್ಟೆ.

"ಅಮ್ಮ, ಸಾರ್‌ಗೆ ನೀರು ತರ್ಲಾ?" ಎಂದಿತು ಯಂತ್ರ. ಎದ್ದು ಹೋಗಿ ತಂದಿತು. ಕಬ್ಬಿಣದ ಬೆರಳಿಗೆ ಗಾಜಿನ ಅಂದಾಜು ಸಿಗಲಿಲ್ಲ. ಲೋಟ ಅಧಿಕಾರಿಯ ಎದುರಿಗೇ ಪುಡಿಯಾಯಿತು, ಕಡತವೆಲ್ಲ ತೊಯ್ದಿತು.

"ಕಣ್ಣು ಕಾಣಲ್ವಾ?" ಎಂದು ಅವನು ಗದರಿ ಎದ್ದ.

ತಾಯಿ ಓಡಿಬಂದು ಅಡ್ಡ ನಿಂತಳು. "ಬೈಬೇಡಿ ಸಾರ್! ಪಾಪ, ಅದಕ್ಕೇನು ಗೊತ್ತಾಗುತ್ತೆ?"

ಅಧಿಕಾರಿಯ ಸಿಟ್ಟು ಇಳಿದೇಹೋಯಿತು. 'ಅದಕ್ಕೆ' ಎಂದು ಬರೆದ, ಕೆಳಗೆ ಗೆರೆ ಎಳೆದ, ಸಹಿ ಹಾಕಿದ.

ಆಕೆಗೆ ಆಗ ಹೊಳೆಯಿತು. "ಅಯ್ಯೋ, ಬಾಯಿ ತಪ್ಪಿ ಬಂತು ಸಾರ್! ಅವನಿಗೆ! ಅವನಿಗೆ ಅಂತ ಬರ್ಕೊಳ್ಳಿ!"

"ಬಾಯಿ ತಪ್ಪಿದಾಗ್ಲೇ ತಾಯಿ, ನಿಜ ಹೊರಗೆ ಬರೋದು."

ಆಕೆ ಅವನ ಕಾಲು ಹಿಡಿದಳು. ಆಳುಗಳು ಕಬ್ಬಿಣದ ಮೈಯನ್ನು ಲಾರಿಯತ್ತ ಎಳೆದೊಯ್ದರು. ಅದು ಕೊಸರಾಡಲಿಲ್ಲ. ಹೊಸ್ತಿಲಲ್ಲಿ ಒಮ್ಮೆ ತಿರುಗಿತು.

"ಅಮ್ಮ, ಗಾಜು ತುಳೀಬೇಡ."

ಚೆನ್ನಾಗಿ ಕಲಿಸಿದ್ದಾರೆ ಎಂದುಕೊಂಡ ಅಧಿಕಾರಿ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ. ಕರಗಿಸಿದ್ದಾಯಿತೆಂದು ದಾರಿಯಲ್ಲೇ ಫೋನು ಬಂದಿತ್ತು. ಬಾಗಿಲು ತೆರೆದರೆ ನಡುಮನೆಯ ತುಂಬ ಗಾಜಿನ ಚೂರು. ಗಾಜು ಕಟ್ಟಿಸಿದ್ದ ಅವನ ಅಚ್ಚುಮೆಚ್ಚಿನ ಹಳೆಯ ಸಿನಿಮಾ ಪೋಸ್ಟರು, ಬಲ್ಬಿನ ಕಣ್ಣಿನ ತಗಡು ಮನುಷ್ಯ, ಗೋಡೆಯಿಂದ ಕೆಳಗೆ ಬಿದ್ದಿತ್ತು.

"ಯಾರದು ಈ ಕೆಲಸ?" ಎಂದು ಗುಡುಗಿದ.

ಹೆಂಡತಿ ಅಡುಗೆಮನೆಯಿಂದ ಓಡಿಬಂದು, ಹದಿನೆಂಟು ತುಂಬಿದ ಮಗಳ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಬೈಬೇಡಿ ರೀ! ಪಾಪ, ಅದಕ್ಕೇನು ಗೊತ್ತಾಗುತ್ತೆ?"