ಖಾಲಿ ಬಿಟ್ಟ ಹೆಸರು

ಸತ್ತವನೊಬ್ಬ ದಿನಾ ಬೆಳಿಗ್ಗೆ ಆರೂ ಹತ್ತಕ್ಕೆ ಡಯಾಲಿಸಿಸ್ ಸರದಿ ಕೇಳುತ್ತಿದ್ದ.

ಹನುಮೇಶ್ ಪರದೆಯನ್ನು ಮತ್ತೊಮ್ಮೆ ನೋಡಿದ. ಪಾಪಣ್ಣ, ನಲವತ್ತೊಂದು ವರ್ಷ, ಮಾಡದಕೆರೆ. ತೀರಿಕೊಂಡು ಮೂರು ವಾರ. ಸಾವಿನ ಸುದ್ದಿ ಬಂದದ್ದೂ ಅದೇ ಫೋನಿನಿಂದ, ಸರದಿಯ ಕೋರಿಕೆ ಬರುತ್ತಿರುವುದೂ ಅದೇ ಫೋನಿನಿಂದ. ಒಂದು ದಿನವಲ್ಲ, ಎರಡು ದಿನವಲ್ಲ, ಹದಿನೇಳು ದಿನ.

"ಯಾರೋ ಸತ್ತೋನ ಹೆಸರಲ್ಲಿ ಒಳಗೆ ನುಗ್ಗಕ್ಕೆ ನೋಡ್ತಾ ಅವ್ರೆ," ಎಂದರು ಮ್ಯಾನೇಜರ್ ಲಕ್ಷ್ಮೀಕಾಂತ್. "ಇರೋದು ಎಂಟು ಮಷೀನು. ಕಾಯ್ತಿರೋರು ಅರವತ್ತು ಜನ. ಒಬ್ಬ ಕಳ್ಳ ನುಗ್ಗಿದ್ರೆ ಒಬ್ಬ ಸಾಯ್ತಾನೆ. ಹೋಗಿ ನೋಡ್ಕಂಡು ಬಾರಪ್ಪ."

ಚಿತ್ರದುರ್ಗದ ಒಂದು ದತ್ತಿ ಸಂಸ್ಥೆಯ ಡಯಾಲಿಸಿಸ್ ಕೇಂದ್ರ ಅದು. ಹನುಮೇಶ್ ಅಲ್ಲಿನ ಗೇಟ್‌ವೇ ನೋಡಿಕೊಳ್ಳುವವನು. ಗೇಟ್‌ವೇ ಎಂದರೆ ಸರ್ವರಿನ ಮುಂಬಾಗಿಲು. ಹಳ್ಳಿಗಳಿಂದ ಕೋರಿಕೆಗಳು ನೂರೆಂಟು ರೂಪದಲ್ಲಿ ಬರುತ್ತವೆ, ಒಂದು ಆ್ಯಪಿನಿಂದ, ಒಂದು ಬರೀ ದನಿಯಾಗಿ. ಒಳಗಿನ ಸರ್ವರಿಗೆ ಎಲ್ಲವೂ ಒಂದೇ ಅಚ್ಚಿನಲ್ಲಿ ಬೇಕು. ಹೆಚ್ಚಾದದ್ದನ್ನು ಕತ್ತರಿಸಿ, ಕಡಿಮೆಯಾದದ್ದನ್ನು ತುಂಬಿ ಒಳಗೆ ಬಿಡುವುದು ಗೇಟ್‌ವೇ ಕೆಲಸ. ಹಿನ್ನೆಲೆಯ ಸದ್ದನ್ನು ತೆಗೆದುಹಾಕುವ ನಿಯಮ ಹನುಮೇಶನದು. ಹೆಸರು ಹೇಳಲು ಎಂಟೇ ಸೆಕೆಂಡ್ ಎಂಬ ಮಿತಿಯೂ ಅವನದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಆಫೀಸಿನವರು ಅವನನ್ನು ಗೇಲಿ ಮಾಡುತ್ತಿದ್ದರು.

ಅವನಿಗೆ ಹೆಮ್ಮೆ ತಂದ ನಿಯಮ ಇನ್ನೊಂದಿತ್ತು. 'ರೋಗಿಯ ಹೆಸರು ಹೇಳಿ' ಎಂದರೆ ಹಳ್ಳಿಯ ಹೆಂಗಸರು ಬಾಯಿ ಬಿಡುತ್ತಿರಲಿಲ್ಲ. ಗಂಡನ ಹೆಸರು ಹೇಳುವುದುಂಟೆ? ಅವನ ತಾಯಿಯೇ ಆಯಸ್ಸಿಡೀ ಹೇಳಿದವಳಲ್ಲ. ಹೆಸರಿಲ್ಲದ ಕೋರಿಕೆಗಳನ್ನು ಸರ್ವರ್ ಎಸೆದುಬಿಡುತ್ತಿತ್ತು. ಫೋನು ಹೇಗೂ ಗಂಡನ ಹೆಸರಿನಲ್ಲೇ ಇರುತ್ತದೆ. ಹೆಸರು ಖಾಲಿ ಬಂದರೆ ಫೋನಿನ ಒಡೆಯನ ಹೆಸರು ತುಂಬು ಎಂದು ಒಂದೇ ಒಂದು ಸಾಲು ಬರೆದ. ಮೌನಂ ಸಮ್ಮತಿ ಲಕ್ಷಣಂ ಎಂದು ನಕ್ಕ. ಆ ಸಾಲಿನಿಂದ ಎಷ್ಟೋ ಗಂಡಂದಿರು ಬದುಕಿಕೊಂಡಿದ್ದರು.

ಹೊರಡುವ ಮುನ್ನ ಆ ಮನೆಯ ಕಡತ ನೋಡಿದ. ಉಚಿತ ಶಿಬಿರದಲ್ಲಿ ಮನೆಮಂದಿಯನ್ನೆಲ್ಲ ಬರೆದುಕೊಂಡಿದ್ದರು. ಅದೇ ನಂಬರಿನ ಕೆಳಗೆ ದುರುಗಪ್ಪನೆಂಬ ಮುದುಕನೂ ಇದ್ದ. ಕೆಲವು ವಾರಗಳಿಂದ ಸರದಿಗೆ ಬಾರದೆ ಪಟ್ಟಿಯಿಂದ ಬಿದ್ದುಹೋಗಿದ್ದ. ಬೇಸತ್ತು ಬಿಟ್ಟುಬಿಡುವ ಮುದುಕರು ಹೊಸಬರೇನಲ್ಲ.

ಹೊಸದುರ್ಗಕ್ಕೆ ಒಂದು ಬಸ್ಸು, ಮಾಡದಕೆರೆಗೆ ಇನ್ನೊಂದು. ಊರಾಚೆ, ಕುರಿಹಟ್ಟಿಗೆ ಅಂಟಿಕೊಂಡ ಮನೆ. ಪಾಪಣ್ಣನ ಹೆಂಡತಿ ಪುಟ್ಟಕ್ಕ ಕುರಿಹಿಕ್ಕೆ ಗುಡಿಸುತ್ತಿದ್ದಳು. ಎರಡೂ ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕಾಸಗಲ ಕುಂಕುಮ. ಗಂಡ ಹೋಗಿ ಮೂರೇ ವಾರ ಎಂದುಕೊಂಡ ಹನುಮೇಶ್.

ಬಾಗಿಲಿನಿಂದ ನಡುಮನೆಯ ಗೋಡೆ ಕಾಣುತ್ತಿತ್ತು. ಒಂದು ಫೋಟೊ, ಅದಕ್ಕೆ ದಪ್ಪ ಹಾರ. ಹಾರದ ಹಿಂದಿನ ಮುಖ ಜಗಲಿಗೆ ಕಾಣುತ್ತಿರಲಿಲ್ಲ.

"ಕುಂತ್ಕಳ್ರಿ ಸಾರ್," ಎಂದು ಪುಟ್ಟಕ್ಕ ಕಂಬಳಿ ಹಾಸಿದಳು.

ಅವನು ಫೋಟೊ ಕಡೆ ಕೈ ತೋರಿಸಿದ. "ತೀರ್ಕಂಡು ಎಷ್ಟು ದಿನ ಆತಮ್ಮ?"

"ಮೂರು ವಾರ ಆತು. ನಾನೇ ಫೋನ್ ಮಾಡಿ ಹೇಳಿದ್ನಲ್ಲ ಸಾರ್."

"ಮತ್ತೆ ದಿನಾ ಬೆಳಿಗ್ಗೆ ಫೋನ್ ಮಾಡೋದು ಯಾರು?"

"ಅದೂ ನಾನೇ. ಮೊದ್ಲೆಲ್ಲ ಅವ್ರೇ ಮಾಡೋರು. ಈಗ ಅವ್ರಿಗೆ ಆಗಲ್ಲವಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೋರಿಕೆ ತಲುಪಿದೆ, ಕಾಯಿರಿ ಅಂತೈತೆ. ದುರ್ಗಕ್ಕೇ ಬಂದ್ರೆ, ಫೋನಲ್ಲೇ ಕೇಳ್ರಿ ಅಂತಾರೆ. ಕಾಯ್ತಾ ಅದೀವಿ."

ಒಳಗೆ ಯಾರೋ ಕೆಮ್ಮಿದರು. ಗಂಡಸಿನ ಕೆಮ್ಮು. ಮೂರು ಸಲ, ಕೊನೆಯಲ್ಲಿ ಸಿಳ್ಳೆಯಂಥ ಉಸಿರು. ಹೊಸ್ತಿಲ ಪಕ್ಕದಲ್ಲಿ ಗಂಡಸಿನ ಚಪ್ಪಲಿಗಳಿದ್ದವು.

"ಒಳಗೆ ಯಾರು?"

"ನಮ್ಮನೆಯವ್ರು."

"ಹೆಸರು?"

ಪುಟ್ಟಕ್ಕ ತಲೆ ತಗ್ಗಿಸಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗಂಡ ಸತ್ತ ಮೂರು ವಾರಕ್ಕೇ ಇನ್ನೊಬ್ಬ. ಅವನಿಗೂ ಸತ್ತ ಗಂಡನ ಸರದಿಯೇ ಬೇಕು. ಹನುಮೇಶನಿಗೆ ಸಿಟ್ಟು ಬಂತು, ಜೊತೆಗೆ ಕನಿಕರವೂ ಆಯಿತು. ಒಳಗೆ ಇಣುಕಿ ನೋಡಬಹುದಿತ್ತು. ಬೇರೆಯವರ ಸಂಸಾರ ನಮಗೇಕೆ ಎನಿಸಿತು. ಮೂರು ಗಂಟೆಯ ಬಸ್ಸು ತಪ್ಪಿದರೆ ಇನ್ನೊಂದಿರಲಿಲ್ಲ.

"ಸತ್ತೋರ ಹೆಸರಲ್ಲಿ ಇನ್ನು ಫೋನ್ ಮಾಡಬ್ಯಾಡಮ್ಮ," ಎಂದ.

ಪುಟ್ಟಕ್ಕ ಅರ್ಥವಾಗದೆ ಅವನ ಮುಖ ನೋಡಿದಳು. "ಹೋದೋರು ಹೋದ್ರು ಸಾರ್, ಅವ್ರಿಗ್ಯಾಕೆ ಮಾಡ್ಲಿ? ಇರೋರನ್ನ ಉಳಿಸಿಕೊಡ್ರಿ."

ಅಂದು ಸಂಜೆಯೇ ಗೇಟ್‌ವೇಗೆ ಹೊಸ ಸಾಲು ಸೇರಿಸಿದ. ಈ ನಂಬರಿನಿಂದ ಬಂದದ್ದು ಒಳಗೆ ಹೋಗಕೂಡದು, ಬಾಗಿಲಲ್ಲೇ ಬಿದ್ದಿರಬೇಕು. ಆ ಕಡೆ ಕೇಳಿಸುವ 'ಕೋರಿಕೆ ತಲುಪಿದೆ, ಕಾಯಿರಿ' ಮಾತ್ರ ಹಾಗೆಯೇ ಉಳಿಯಿತು.

ಆರೂ ಹತ್ತರ ಕರೆ ಒಂಬತ್ತು ದಿನ ಬಂತು. ಹತ್ತನೆಯ ದಿನ ಬರಲಿಲ್ಲ.

"ಬುದ್ಧಿ ಬಂತು ನೋಡು," ಎಂದರು ಲಕ್ಷ್ಮೀಕಾಂತ್. "ಫೈಲ್ ಮುಚ್ಚಾಣ. ಅವತ್ತು ಸಾವಿನ ಸುದ್ದಿ ಹೇಳಿದ ಕರೆ ರೆಕಾರ್ಡ್ ಐತಲ್ಲ, ಅದನ್ನ ಸಾಕ್ಷಿಗೆ ಹಾಕು."

ಸರ್ವರಿಗೆ ಹೋಗಿದ್ದು ಅಚ್ಚಿಗೆ ಇಳಿಸಿದ ಅಕ್ಷರಗಳಷ್ಟೇ. ಮೂಲ ದನಿ ಗೇಟ್‌ವೇಯಲ್ಲೇ ಉಳಿದಿತ್ತು, ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹನುಮೇಶ್ ಇಯರ್‌ಫೋನ್ ಸಿಕ್ಕಿಸಿಕೊಂಡ.

'ತೀರಿಕೊಂಡವರ ಹೆಸರು ಹೇಳಿ,' ಎಂದಿತು ಯಂತ್ರ. ಪುಟ್ಟಕ್ಕ ಸುಮ್ಮನಿದ್ದಳು. ಬಳೆಗಳ ಸದ್ದು. ಅವಳ ಹಿಂದೆ ಎಲ್ಲೋ ಮೂರು ಸಲ ಕೆಮ್ಮು, ಕೊನೆಯಲ್ಲಿ ಸಿಳ್ಳೆಯಂಥ ಉಸಿರು, ಆಮೇಲೆ, ಎಂಟು ಸೆಕೆಂಡ್ ಮುಗಿಯುತ್ತಿರುವಾಗ, ಗಂಡಸಿನ ದನಿ:

"ಮಾವನ ಹೆಸರು ಹೇಳಕ್ಕೆ ಆಗಲ್ವೇನೇ ಪುಟ್ಟಕ್ಕ? ಇತ್ತ ಕೊಡು, ನಮ್ಮಪ್ಪನ ಹೆಸರು ನಾನೇ ಹೇಳ್ತೀನಿ."