ತೊಡೆಯ ಮೇಲಿನ ಕೈ

"ಆಮೆನ್" ಎಂದು ಮುದುಕ ದರ್ಜಿ ಮೇಲೆತ್ತಿದ್ದ ಎಡಗೈಯನ್ನು ಇಳಿಸುವಷ್ಟರಲ್ಲಿ ಮಗಳು ಕೇಳಿಯೇಬಿಟ್ಟಳು: "ಅಪ್ಪಾ, ಒಂದೇ ಕೈಯಲ್ಲಿ ಪ್ರಾರ್ಥನೆ ಮಾಡ್ತೀರಲ್ಲ, ಇನ್ನೊಂದನ್ನ ಯಾರಿಗೆ ಬಿಟ್ಟಿದ್ದೀರಿ?"

ಲಕ್ವ ಹೊಡೆದ ಬಲಗೈ, ಕತ್ತರಿಸಿ ಉಳಿದ ಬಟ್ಟೆಯ ಚೂರಿನಂತೆ ತೊಡೆಯ ಮೇಲೆ ಬಿದ್ದಿತ್ತು. ಎರಡೂ ಕೈಗಳ ಬೆರಳು ಹೆಣೆದು, ಎಡಗೈಯ ಬಲದಿಂದ ಅದನ್ನು ದಿನಕ್ಕೆ ಹತ್ತು ಸಲ ಎತ್ತಬೇಕೆಂದು ಆಸ್ಪತ್ರೆಯವರು ಹೇಳಿಕೊಟ್ಟು ಎರಡು ತಿಂಗಳಾಗಿತ್ತು. ಮುದುಕ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಕರ್ತನ ಮೇಲೆ ಭಾರ ಹಾಕಿದ ಮೇಲೂ ಕಸರತ್ತು ಮಾಡಿದರೆ ಅದು ಅಪನಂಬಿಕೆ ಎಂಬುದು ಅವನ ಹಟ.

"ಈ ಕೈನ ಯೇಸಪ್ಪನಿಗೆ ಕೊಟ್ಟುಬಿಟ್ಟಿದ್ದೀನಮ್ಮ," ಎಂದ.

"ಎಲ್ಲಿ ಕೊಟ್ಟಿದ್ದೀರಿ? ತೊಡೆ ಮೇಲೇ ಇದೆಯಲ್ಲ! ಒಂದು ಜೇಬು ಹೊಲಿದ್ರೂ ಇಸ್ತ್ರಿ ಮಾಡಿ, ಎದ್ದು ನಿಂತು ಗಿರಾಕಿ ಕೈಗೆ ಕೊಡ್ತಿದ್ದೋರು ನೀವು. ದೇವರು ಮಾತ್ರ ತಾನೇ ಬಂದು ಎತ್ಕೊಂಡು ಹೋಗ್ಬೇಕಾ?"

ಮುದುಕ ಬಗ್ಗಿ ಆ ಕೈಯನ್ನೇ ನೋಡಿದ. ಆಮೇಲೆ ಎಡಗೈಯ ಬೆರಳುಗಳನ್ನು ಅದರ ಬೆರಳುಗಳ ಸಂದಿಯಲ್ಲಿ ಒಂದೊಂದಾಗಿ ತೂರಿಸಿ, ಹಲ್ಲು ಕಚ್ಚಿ ಎತ್ತಿದ. ಜೋಡಿ ಕೈಗಳು ಎದೆಯ ಮಟ್ಟಕ್ಕೆ ಬಂದವು, ಗಡ್ಡ ಮುಟ್ಟಿದವು, ಗಡಗಡ ನಡುಗಿ ಮತ್ತೆ ತೊಡೆಗೆ ಬಿದ್ದವು.

"ಸಾಕಪ್ಪಾ, ಇವತ್ತಿಗೆ ಇಷ್ಟು ಸಾಕು," ಎಂದು ಮಗಳು ಕಣ್ಣೊರೆಸಿಕೊಂಡು ಏಳಹೋದಳು.

"ಕೂತ್ಕೊಳ್ಳೇ," ಎಂದ ಅವನು, ಮತ್ತೆ ಬೆರಳು ಹೆಣೆಯುತ್ತ. "ಇನ್ನೂ ಒಂಬತ್ತು ಪ್ರಾರ್ಥನೆ ಬಾಕಿ ಇದೆ."