ಕೆಂಪು ದೀಪ ಆರಿದ ಮೇಲೆ

ಮುಟ್ಟಿದ ತಂತಿಯೆಲ್ಲ ಪುಡಿಯಾಗುತ್ತಿತ್ತು. ರೇಡಿಯೊ ರಿಪೇರಿಯವ ಹಳೇ ಕಾರಿನ ಸ್ಟಿಯರಿಂಗ್ ಕೆಳಗೆ ಅಂಗಾತ ಬಿದ್ದು ಒಂದೊಂದೇ ಎಳೆ ಹಿಡಿದರೆ, ಮೇಲಿನ ರಬ್ಬರು ಒಣಗಿದ ಎಲೆಯಂತೆ ಉದುರಿ ಕಣ್ಣಿಗೇ ಬೀಳುತ್ತಿತ್ತು. ಕನೆಕ್ಟರುಗಳು ಹಸಿರು ಕಿಲುಬು ಹಿಡಿದು ಕಚ್ಚಿಕೊಂಡಿದ್ದವು. ಗಂಟೆ ಹತ್ತೂವರೆ.

"ಆಯ್ತೇನೋ?" ಅಕ್ಕ ಮೂರನೇ ಸಲ ಬಂದಳು. "ಅಪ್ಪನ ಪಾದ ಪೂರ್ತಿ ಕಪ್ಪಾಗಿದೆ ಕಣೋ."

ಮೊದಲ ದಿನವೇ ಬಂದಿದ್ದರೆ ಕಾಲೂ ಉಳಿಯುತ್ತಿತ್ತು, ಇವತ್ತು ಹನ್ನೆರಡರೊಳಗೆ ತಂದರೆ ಜೀವವಾದರೂ ಉಳಿದೀತು ಎಂದಿದ್ದರು ಡಾಕ್ಟರು. ಆಸ್ಪತ್ರೆಯೇನೋ ಇದೇ ಬೀದಿಯ ಇಳಿಜಾರಿನ ಕೊನೆಯಲ್ಲೇ ಇತ್ತು. ಆದರೆ ಅಪ್ಪ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಆಂಬುಲೆನ್ಸಿನವರು ಎರಡು ಸಲ ಬಂದು, ಕಿಟಕಿಯ ಸರಳು ಹಿಡಿದ ಮುದುಕನ ಕೈ ಬಿಡಿಸಲಾಗದೆ ವಾಪಸಾಗಿದ್ದರು. ನಲವತ್ತು ವರ್ಷ ಓಡಿಸಿದ ತನ್ನ ಕಾರಿನಲ್ಲಾದರೆ ಬರುತ್ತೇನೆ, ಇಲ್ಲವಾದರೆ ಇಲ್ಲ. ಅದೊಂದೇ ಹಟ.

ಅಪ್ಪನ ಕಿವಿ ಕೈಕೊಟ್ಟು ವರ್ಷಗಳಾಗಿದ್ದವು. ಕಣ್ಣು ಮಾತ್ರ ಹದ್ದಿನದು. ಕೀಲಿ ತಿರುಗಿಸಿದಾಗ ಮೀಟರಿನ ಪಕ್ಕದ ಕೆಂಪು ದೀಪ ಹತ್ತಬೇಕು, ಗಾಡಿ ಸ್ಟಾರ್ಟ್ ಆದಾಗ ಆರಬೇಕು, ಅದು ಆರುವ ತನಕ ಗಾಡಿ ಕದಲಬಾರದು. ಡ್ರೈವರ್ ಆಗಿದ್ದಷ್ಟು ಕಾಲವೂ ಆತ ಮೀರದ ನಿಯಮ ಅದು.

ಮೂರು ದಿನದಿಂದ ಅವನದು ಒಂದೇ ಪ್ರಶ್ನೆ. "ಎಂಜಿನ್ ಹೇಗಿದೆಯೋ?"

ಚೆನ್ನಾಗಿದೆ ಎಂದು ಮಗ ತಲೆಯಾಡಿಸುತ್ತಿದ್ದ. ಅಪ್ಪ ಅವನನ್ನೇ ಒಂದು ಗಳಿಗೆ ನೋಡಿ ಗೋಡೆಯ ಕಡೆ ಹೊರಳುತ್ತಿದ್ದ.

"ಈ ತಂತಿಗಳು ಜೀವ ತಿಂತಿವೆ ಅಕ್ಕ."

"ಎಂಜಿನ್ ತಂಟೆ ಇಲ್ವಲ್ಲ, ಅಷ್ಟು ಸಾಕು. ಬೇಗ ಮಾಡು."

ಸತ್ತ ತಂತಿಗಳನ್ನೆಲ್ಲ ಕತ್ತರಿಸಿ ಎಸೆದ. ಸೀಟಿನ ಕೆಳಗಿಟ್ಟ ಬ್ಯಾಟರಿಯಿಂದ ಹೊಸ ತಂತಿ ಎಳೆದ. ಬೆಸುಗೆ ಕಡ್ಡಿ ಜಾರಿ ಹೆಬ್ಬೆರಳು ಸುಟ್ಟಿತು, ಉಫ್ ಎಂದು ಊದಿಕೊಳ್ಳಲೂ ಪುರುಸೊತ್ತಿರಲಿಲ್ಲ. ಕೆಟ್ಟ ರೇಡಿಯೊದ ಪುಟ್ಟ ಸ್ವಿಚ್ಚೊಂದನ್ನು ಸ್ಟಿಯರಿಂಗ್ ಅಡಿಯಲ್ಲಿ ಕಾಣದಂತೆ ಸಿಕ್ಕಿಸಿ, ಕೀಲಿ ತಿರುಗಿಸಿದ.

ದೀಪ ಹತ್ತಲಿಲ್ಲ.

ಅವನಿಗೆ ಅಳುವೇ ಬಂತು. ಹನ್ನೊಂದೂವರೆ. ಬಲ್ಬು ಬಿಚ್ಚಿ, ಅದರ ಗೂಡಿನ ಕಿಲುಬನ್ನು ಬ್ಲೇಡಿನಿಂದ ಕೆರೆದ. ಮತ್ತೆ ಕೀಲಿ ತಿರುಗಿಸಿದ. ಕೆಂಪು ಹೊತ್ತಿತು. ಸ್ವಿಚ್ ಒತ್ತಿದ. ಆರಿತು.

ಬ್ರೇಕನ್ನು ಎರಡೆರಡು ಸಲ ತುಳಿದು ನೋಡಿದ. ಗೇಟಿನ ಬಳಿ ಬೀದಿಯ ಆರೇಳು ಗಂಡಸರು ತೋಳು ಮಡಚಿಕೊಂಡು, ಮುದುಕನ ಹಟಕ್ಕೆ ನಗುತ್ತ ನಿಂತಿದ್ದರು. ಅಪ್ಪನನ್ನು ಎತ್ತಿ ತಂದು ಮುಂದಿನ ಸೀಟಿನಲ್ಲಿ ಕೂರಿಸಿದರು. ಈ ಸಲ ಆತ ಕೊಸರಾಡಲಿಲ್ಲ.

ಕೆಂಪು ದೀಪ ಹತ್ತಿತು, ಆರಿತು. ಅಪ್ಪ ದೀಪವನ್ನು ನೋಡಿದ, ಮಗನ ಸುಟ್ಟ ಬೆರಳನ್ನು ನೋಡಿದ.

"ಎಂಜಿನ್ ಹೇಗಿದೆಯೋ?"

ಮಗ ತಲೆಯಾಡಿಸಿದ.

"ಸರಿ, ಹೊರಡು."

ಕಾರು ಮೆಲ್ಲಗೆ ಗೇಟು ದಾಟಿ ಬೀದಿಗಿಳಿಯಿತು. ಕೆಳಗೆ ಆಸ್ಪತ್ರೆಯ ಬಾಗಿಲು ಕಂಡಿತು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮೂರು ದಿನದಲ್ಲಿ ಮೊದಲ ಬಾರಿ ಮಗ ನೆಮ್ಮದಿಯಾಗಿ ಉಸಿರುಬಿಟ್ಟ.

"ಹಿಂದೆ ತಳ್ತಿರೋರಿಗೆ ಸಾಕು ಅನ್ನು, ಇನ್ನು ಇಳಿಜಾರೇ," ಎಂದ ಅಪ್ಪ, ರಸ್ತೆಯಿಂದ ಕಣ್ಣು ಕೀಳದೆ. "ಎಂಜಿನ್ ಬಿಚ್ಚಿ ಮಾರಿದ್ದು ನನಗೆ ಅವತ್ತೇ ಗೊತ್ತಿತ್ತು ಕಣೋ. ನೀನಾಗಿ ಬಾಯಿ ಬಿಡ್ತೀಯೇನೋ ಅಂತ ಮೂರು ದಿನ ಕಾದೆ."